ಆ ಕೈಗವಸಿನ ಫೋಟೋದಲ್ಲಿರುವವನು ನಾನು

ಹಳೆಯ ಸೈನಿಕರ ಅರ್ಜಿ ಮತ್ತು ದಾಖಲೆಗಳ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಾತ ಸುಳ್ಳುಗಾರ ಎಂದು ಸಾಧಿಸಲು ನೀವು ಕಳಿಸಿದ ಫೋಟೋದಲ್ಲಿ ಇರುವವನು ನನ್ನ ತಾತ ಅಲ್ಲ, ನಾನು. 1958ರಲ್ಲಿ ಕ್ರಿಸ್ಮಸ್ ದ್ವೀಪದಲ್ಲಿ ಹೈಡ್ರೋಜನ್ ಬಾಂಬು ಸಿಡಿಯುವ ಮುಂಚೆ ಬಿಳಿ ಕೈಗವಸು, ಕಪ್ಪು ಕನ್ನಡಕ, ಮೈತುಂಬ ಬಿಳಿ ಮೇಲಂಗಿ ಹಾಕಿಕೊಂಡು ಮರಳಿನ ಮೇಲೆ ಕೂತಿರುವ ಫಿಜಿ ಸೈನಿಕ ಎಂದು ನೀವು ಯಾರನ್ನು ಕರೆದಿದ್ದೀರೋ, ಅವನು ಹುಟ್ಟಿದ್ದು 1999ರಲ್ಲಿ. ಅವನು ಕೂತಿರುವುದು ನಿಮ್ಮದೇ ದೇಶದ, ಮಾರ್ಚ್ ತಿಂಗಳಲ್ಲೂ ಹಲ್ಲು ಕಟಕಟಿಸುವ ಒಂದು ಕಡಲತೀರದಲ್ಲಿ. ಹಿಂದೆ ಕಾಣುವ ತೆಂಗಿನ ಮರ ಪ್ಲಾಸ್ಟಿಕ್ಕಿನದು. ಹಣೆಯ ಮೇಲಿನ ಬೆವರು ಮೇಕಪ್ ಹುಡುಗಿ ಹಚ್ಚಿದ ಗ್ಲಿಸರಿನ್. ಬಾಂಬು ಅಂತ ಇದ್ದದ್ದು ಕಂಬದ ಮೇಲಿನ ಒಂದು ದೊಡ್ಡ ದೀಪ, ಅದನ್ನು ಹೊತ್ತಿಸುವವನು ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದುಕೊಂಡಿದ್ದ. ಇಷ್ಟೂ ಸೇರಿದ್ದು ಒಂದು ಟಿವಿ ಧಾರಾವಾಹಿಯ ಶೂಟಿಂಗ್. ನೀವು ಅದನ್ನು ಇತಿಹಾಸ ಎಂದು ಮುದ್ರೆಯೊತ್ತಿ, ಎಂಬತ್ತೆಂಟು ವರ್ಷದ ಮುದುಕನ ಮನೆಗೆ ಹಡಗಿನಲ್ಲಿ ಕಳಿಸಿದಿರಿ.

ನಿಮ್ಮ ಕಾಗದದ ಭಾಷೆ ಎಷ್ಟು ಸೊಗಸು! ನನಗೆ ಬಾಯಿಪಾಠವೇ ಆಗಿಬಿಟ್ಟಿದೆ. "ತಮಗೆ ಯಾವುದೇ ರಕ್ಷಣಾ ಉಡುಪನ್ನು ಕೊಟ್ಟಿರಲಿಲ್ಲ ಎಂಬ ಅರ್ಜಿದಾರರ ಹೇಳಿಕೆಯು, ನಮ್ಮ ಸಂಗ್ರಹದಲ್ಲಿರುವ ಅರ್ಜಿದಾರರದೇ ಭಾವಚಿತ್ರಕ್ಕೆ ವ್ಯತಿರಿಕ್ತವಾಗಿದೆ. ಆದ್ದರಿಂದ ಸದರಿ ಹೇಳಿಕೆಯನ್ನು ನಂಬಲರ್ಹವೆಂದು ಪರಿಗಣಿಸಲಾಗದು." ತಾತ ಮೊದಲು ಅರ್ಜಿ ಹಾಕಿ ಆರು ವರ್ಷವಾಯಿತು. ಮೊದಲನೆಯ ಉತ್ತರದಲ್ಲಿ ಆ ಹೆಸರಿನವನು ಯಾರೂ ದ್ವೀಪದಲ್ಲೇ ಇರಲಿಲ್ಲ ಎಂದಿರಿ. ಎರಡನೆಯದರಲ್ಲಿ ಇದ್ದ, ಆದರೆ ಹಡಗಿನಲ್ಲಿದ್ದ, ದಡಕ್ಕೆ ಇಳಿದಿರಲಿಲ್ಲ ಎಂದಿರಿ. ಮೂರನೆಯದರಲ್ಲಿ ಇಳಿದಿರಬಹುದು, ಆದರೆ ಅವನ ರಕ್ತಪರೀಕ್ಷೆಯ ಕಾಗದಗಳು ಗೋದಾಮಿಗೆ ನೀರು ನುಗ್ಗಿ ಹಾಳಾಗಿವೆ ಎಂದಿರಿ. ಆರು ವರ್ಷದಲ್ಲಿ ಅವನ ಪರವಾಗಿ ಒಂದು ಚೀಟಿ ಸಿಗದ ಕಚೇರಿಗೆ, ಅವನ ವಿರುದ್ಧವಾಗಿ ಒಂದು ಫೋಟೋ ಮೂರೇ ತಿಂಗಳಲ್ಲಿ ಸಿಕ್ಕಿತು. ನಿಮ್ಮ ಗೋದಾಮಿನ ನೀರಿಗೆ ಎಂಥ ಬುದ್ಧಿ! ಯಾವುದನ್ನು ನೆನೆಸಬೇಕು, ಯಾವುದನ್ನು ಒಣದಾಗಿ ಬಿಡಬೇಕು ಎಂದು ಅದಕ್ಕೆ ಚೆನ್ನಾಗಿ ಗೊತ್ತಿದೆ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಫಿಜಿಯ ಕಂದವು ದ್ವೀಪದವನು. ನಿಮ್ಮ ದೇಶಕ್ಕೆ ಬಂದು ನಾಲ್ಕು ವರ್ಷವಾಯಿತು. ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿದ್ದೆ, ಪಾರ್ಸೆಲ್ ಹೊತ್ತೆ, ಒಂದು ಕಡೆ ನಿಲ್ಲುವ ಜಾಯಮಾನ ನನ್ನದಲ್ಲ. ಈಗ ವೃದ್ಧಾಶ್ರಮದಲ್ಲಿ ನಿಮ್ಮ ಮುದುಕರಿಗೆ ಸ್ನಾನ ಮಾಡಿಸುತ್ತೇನೆ. ಈ ಪತ್ರವನ್ನು ಎರಡು ಬಸ್ಸುಗಳ ನಡುವೆ, ಕೆಲಸದ ಬಿಡುವಿನಲ್ಲಿ ಫೋನಿಗೆ ಹೇಳಿ ಹೇಳಿ ಕಳಿಸಿದ್ದು. ಅಕ್ಷರಕ್ಕಿಳಿಸಿದವನು ನನ್ನ ಗೆಳೆಯ ಸೈರುಸಿ. ಬೈಗುಳಗಳನ್ನು ಅವನು ತೆಗೆದಿದ್ದಾನೆ. ಪತ್ರ ಇಷ್ಟು ಚಿಕ್ಕದಾಗಿರುವುದಕ್ಕೆ ಅದೇ ಕಾರಣ.

ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಇದರಲ್ಲಿ ರಹಸ್ಯವೇನಿಲ್ಲ, ಕೇಳಿದ್ದರೆ ನಮ್ಮೂರಿನ ಯಾವ ಮಗುವಾದರೂ ನಿಮಗೆ ಹೇಳುತ್ತಿತ್ತು. ತಾತ ಕಿತಿಯೋನೆ ಲೆಸೂಮ. ನಾನೂ ಕಿತಿಯೋನೆ ಲೆಸೂಮ. ಹೆಸರು ಹಂಚಿಕೊಂಡವರ ನಡುವೆ ನಮ್ಮಲ್ಲಿ ದೊಡ್ಡವರು ಚಿಕ್ಕವರು ಎಂಬ ಬಿಗುವಿಲ್ಲ, ಸಲಿಗೆ ಜಾಸ್ತಿ. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಹೆಸರುಗಳ್ಳ" ಎಂದೇ ಕರೆಯುವುದು. "ನಾನು ಸತ್ತ ಮೇಲೆ ಇಟ್ಕೊಳೋ ಅಂದ್ರೆ, ಬದುಕಿದ್ದಾಗ್ಲೇ ಕದ್ಬಿಟ್ಟ" ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಾನೆ. ಚಿಕ್ಕಂದಿನಲ್ಲಿ ಶಾಲೆಯಿಂದ ದೂರು ಬಂದಾಗ, "ಯಾವ ಕಿತಿಯೋನೆ? ನಾನಂತೂ ಕಿಟಕಿ ಒಡೆದಿಲ್ಲ" ಎಂದು ಮೇಷ್ಟರ ಮುಂದೆ ಕೈಮುಗಿದು ನಿಂತಿದ್ದ. ಅಂಥವನಿಗೆ ಎಂಬತ್ತೆಂಟನೆಯ ವಯಸ್ಸಿನಲ್ಲಿ ನಾನು ಮಾಡಿದ ತಪ್ಪಿನ ದೂರು ನಿಮ್ಮ ಕಚೇರಿಯಿಂದ ಬಂತು. ಈ ಸಲ ಅವನು ನಗಲಿಲ್ಲ.

1958ರಲ್ಲಿ ಅವನಿಗೆ ಇಪ್ಪತ್ತೊಂದು, ಫಿಜಿ ಆಗ ನಿಮ್ಮ ಇಂಗ್ಲೆಂಡಿನ ಕೈಕೆಳಗಿತ್ತು. ಫಿಜಿಯ ಪಡೆಯಿಂದ ಆರಿಸಿ ಕರೆದುಕೊಂಡು ಹೋದರು. "ಹಬ್ಬದ ಹೆಸರಿನ ದ್ವೀಪ, ಉಡುಗೊರೆ ಸಿಗುತ್ತೆ ಅಂತ ಹೋದ್ವಿ" ಎನ್ನುತ್ತಾನೆ. ಉಡುಗೊರೆ ಬೆಳಿಗ್ಗೆಯೇ ಬಂತು. ಧ್ವನಿವರ್ಧಕದಲ್ಲಿ ಯಾರೋ ಎಣಿಸುತ್ತಿದ್ದರು. ಸಮುದ್ರಕ್ಕೆ ಬೆನ್ನು ಹಾಕಿ ಕೂರಿ, ಕಣ್ಣು ಮುಚ್ಚಿ ಎಂದರು. ತಾತನ ಹತ್ತಿರ ಇದ್ದದ್ದು ಸೊಂಟಕ್ಕೆ ಲುಂಗಿಯ ಹಾಗೆ ಸುತ್ತಿದ ಸುಲು ಒಂದೇ. ಉಟ್ಟ ಬಟ್ಟೆಯನ್ನೇ ಬಿಚ್ಚಿ ತಲೆಗೆ ಸುತ್ತಿಕೊಂಡ. "ಬಾಂಬಿಗೆ ಕಾಣ್ದಂಗೆ ಮುಖ ಮುಚ್ಕೊಂಡೆ. ಉಳಿದಿದ್ದನ್ನ ಸಾಮ್ರಾಜ್ಯಕ್ಕೆ ತೋರಿಸ್ದೆ" ಎಂದು ಅವನು ಹೇಳಿದಾಗಲೆಲ್ಲ ವಾಸಿತಿ ಅತ್ತೆ, "ಅಪ್ಪಾ, ನೀನು ಚರ್ಚಲ್ಲಿ ಪ್ರಸಂಗ ಮಾಡೋನು" ಎಂದು ಗದರುತ್ತಾಳೆ. ಆಮೇಲಿನ ಕಥೆಯಲ್ಲಿ ಅವನು ನಗಿಸುವುದಿಲ್ಲ. ಬಿಸಿಗಾಳಿ ಹಾದುಹೋದ ಮೇಲೆ ಇವರಿಗೆ ಕೊಟ್ಟ ಕೆಲಸ ಹಕ್ಕಿಗಳನ್ನು ಎತ್ತುವುದು. ಸಾವಿರಗಟ್ಟಲೆ ಬಿದ್ದಿದ್ದವು. ಚೀಲ ಕೊಟ್ಟರು, ಬೇರೇನೂ ಕೊಡಲಿಲ್ಲ. ಬರಿಗೈ. "ಸತ್ತಿದ್ದವು ಪರವಾಗಿಲ್ಲ ಮಗ. ಕೆಲವಕ್ಕೆ ಕಣ್ಣು ಮಾತ್ರ ಹೋಗಿತ್ತು. ಕೈ ಹತ್ರ ತಂದ್ರೆ ಬೆರಳು ಗಟ್ಟಿಯಾಗಿ ಹಿಡ್ಕೊಂಡ್ಬಿಡೋವು. ರೆಕ್ಕೆ ಸುಡ್ತಿತ್ತು." ಮೂರು ದಿನ ಅದೇ ಕೆಲಸ. ಊರಿಗೆ ಬಂದು ಮದುವೆಯಾದ, ಅದೇ ಕೈಯಲ್ಲಿ ಮೊದಲ ಮಗಳು ಲಿತಿಯಳನ್ನು ಎತ್ತಿಕೊಂಡ. ಅವಳು ರಕ್ತದ ಕಾಯಿಲೆಯಿಂದ ಒಂಬತ್ತನೇ ವರ್ಷಕ್ಕೆ ಹೋದಳು. ಈ ಎರಡನ್ನೂ ಜೋಡಿಸಲು ಸಾಧ್ಯವಿಲ್ಲ ಎಂದು ನಿಮ್ಮ ವೈದ್ಯರು ಹೇಳುತ್ತಾರೆ, ಇರಬಹುದು. ತಾತ ಜೋಡಿಸಿಕೊಂಡಿದ್ದಾನೆ. ಹತ್ತಿರ ಹತ್ತಿರ ಅರವತ್ತು ವರ್ಷ ಆ ಜೋಡಣೆಯ ಮೇಲೆಯೇ ಬದುಕಿದ್ದಾನೆ. ಭಾನುವಾರದ ಪ್ರಸಂಗದಲ್ಲಿ ಸತ್ಯದ ಮಾತು ಬಂದಾಗಲೆಲ್ಲ ಎರಡೂ ಕೈಗಳನ್ನು ಎತ್ತಿ ಊರಿಗೆ ತೋರಿಸುತ್ತಿದ್ದ: "ಇವು ಬರಿಗೈಯಾಗಿದ್ದವು. ಇದು ನನ್ನ ಸಾಕ್ಷಿ."

ಈಗ ನನ್ನ ಪಾಪದ ವಿಷಯ. ಎರಡು ವರ್ಷದ ಹಿಂದೆ ಈ ಬಾಂಬು ಪರೀಕ್ಷೆಯ ಸೈನಿಕರ ಬಗ್ಗೆ ನಾಲ್ಕು ಕಂತಿನ ಧಾರಾವಾಹಿ ತೆಗೆಯುತ್ತಾರೆ, ಹಿಂದಿನ ಸಾಲಿನಲ್ಲಿ ಕೂರಲು ಫಿಜಿಯವರು ಬೇಕು ಎಂದು ಸೈರುಸಿ ಸುದ್ದಿ ತಂದ. ಹನ್ನೊಂದು ಜನ ಹೋದೆವು. ತಾತನ ಕಥೆಯನ್ನು ಟಿವಿಯವರು ತೆಗೆಯುತ್ತಿದ್ದಾರಲ್ಲ ಎಂದು ನನಗೆ ಕುಣಿಯುವಷ್ಟು ಖುಷಿ. ಅಲ್ಲಿ ಹೋದರೆ ಕಾಸ್ಟ್ಯೂಮ್ ನೋಡಿಕೊಳ್ಳುವ ಹೆಂಗಸು ನಮ್ಮ ಹನ್ನೊಂದು ಜನಕ್ಕೂ ಒಂದೊಂದು ಬಿಳಿ ಮೇಲಂಗಿ, ಕಪ್ಪು ಕನ್ನಡಕ, ಕೈಗವಸು ಹಂಚಿದಳು.

"ಮೇಡಂ, ನಮ್ಮ ತಾತ ಅಲ್ಲಿದ್ರು. ಅವ್ರಿಗೆ ಇದ್ಯಾವ್ದೂ ಕೊಟ್ಟಿರ್ಲಿಲ್ಲ" ಎಂದೆ.

"ನಂಗೇನ್ ಗೊತ್ತು ಮರಿ? ಸಲಹೆಗಾರರು ಬರ್ಕೊಟ್ಟ ಪಟ್ಟೀಲಿ ಹಂಗಿದೆ. ಹೋಗಿ ಅವರನ್ನೇ ಕೇಳು."

ಸಲಹೆಗಾರರು ಯಾರೆಂದು ನಿಮಗೆ ನಾನು ಹೇಳಬೇಕೆ? ಡೇರೆ, ಲಾರಿ, ಹಳೆಯ ಕನ್ನಡಕ ಎಲ್ಲವನ್ನೂ ಧಾರಾವಾಹಿಯವರಿಗೆ ಸಾಲ ಕೊಟ್ಟು, ಅದರ ಷರತ್ತಾಗಿ ನಿಮ್ಮ ಕಚೇರಿ ಶೂಟಿಂಗಿಗೆ ಕಳಿಸಿದ ಮನುಷ್ಯ. ಒಳ್ಳೆಯ ಕೋಟು, ಒಳ್ಳೆಯ ನಗು. ಮುಂದಿನ ಸಾಲಿನಲ್ಲಿ ಕೂರುವ ನಾಯಕನಿಗೆ, ಅಂದರೆ ಇಂಗ್ಲೆಂಡಿನ ಹುಡುಗನಿಗೆ, ಬರಿಗೈಯೇ ಇರಬೇಕು ಎಂದು ನಿರ್ದೇಶಕ ಜಗಳ ಮಾಡಿ ಗೆದ್ದಿದ್ದನಂತೆ. ಹಾಗಾದರೆ ಹಿಂದಿನವರಿಗಾದರೂ ಕೈಗವಸು ಇರಲಿ ಎಂದು ನಿಮ್ಮವನು ರಾಜಿ ಮಾಡಿಕೊಂಡನಂತೆ. ನಾಯಕನ ಕೈಗಾಗಿ ಹೋರಾಡಲು ನಿರ್ದೇಶಕನಿದ್ದ. ಹಿಂದಿನ ಸಾಲಿನ ಕೈಗಳಿಗೆ ಯಾರಿದ್ದರು? ನಾನಿದ್ದೆ. ನಾನು ಏನು ಮಾಡಿದೆ ಕೇಳಿ.

"ಸಾರ್, ನಮ್ಮ ತಾತ ಹಕ್ಕಿ ಎತ್ತಿದ್ದು ಬರಿಗೈಲಿ" ಎಂದೆ.

"ನಿಮ್ಮ ತಾತನಾ? ಭೇಷ್! ಎಂಥಾ ಹೆಮ್ಮೆ ನಿಂಗೆ!" ಎಂದು ಬೆನ್ನು ತಟ್ಟಿದ. "ನೋಡಪ್ಪ, ಇದು ಡ್ರಾಮಾ. ಇದನ್ನ ಯಾರಾದ್ರೂ ನಿಜ ಅಂದ್ಕೋತಾರಾ? ತಲೆ ಕೆಡಿಸ್ಕೋಬೇಡ, ಹಾಕ್ಕೊ."

ಸೈರುಸಿ ಹಿಂದಿನಿಂದ ತಿವಿದ. "ಬಾಯ್ಮುಚ್ಕೊಂಡು ಹಾಕ್ಕೊಳೋ. ಈ ಚಳೀಲಿ ಗ್ಲೌಸ್ ಸಿಕ್ಕಿದ್ದೇ ಪುಣ್ಯ. ಆ ಹೀರೋ ಮುಖ ನೋಡು, ನೀಲಿ ತಿರುಗಿದಾನೆ. ನೀನೇನು ಮಂತ್ರಿನಾ?"

ಹಾಕಿಕೊಂಡೆ. ಮೂರನೇ ಬಾರಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಬೂಟು ಮಾತ್ರ ನನ್ನ ಕಾಲಿನ ಅಳತೆಗೆ ಸಿಗಲಿಲ್ಲ. ಸ್ವಂತ ಸ್ಪೋರ್ಟ್ಸ್ ಶೂನಲ್ಲೇ ಕೂರಿಸಿ, ಕಾಣದ ಹಾಗೆ ಪಾದಗಳನ್ನು ಮರಳಿನಲ್ಲಿ ಹೂತರು. ಮಧ್ಯಾಹ್ನ ಒಬ್ಬ ಬಂದು ನಮ್ಮ ಒಬ್ಬೊಬ್ಬರದೂ ಕಪ್ಪುಬಿಳುಪು ಫೋಟೋ ತೆಗೆದ. ಧಾರಾವಾಹಿಯಲ್ಲಿ ಬರುವ ದೊಡ್ಡ ಅಧಿಕಾರಿಯ ಕೋಣೆಯ ಗೋಡೆಗೆ ಹಳೆಯ ಫೋಟೋಗಳು ಬೇಕಿದ್ದವಂತೆ. ಅವನ್ನು ಚಹಾದ ನೀರಿನಲ್ಲಿ ಅದ್ದಿ, ಮೂಲೆ ಮಡಚಿ, ಉಗುರಿನಿಂದ ಕೆರೆದು ಹಳೆಯದು ಮಾಡುವುದನ್ನು ನಾನೇ ನಿಂತು ನೋಡಿದೆ. ಒಳ್ಳೆಯ ಕಸುಬುದಾರ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ಪ್ರತಿ ಕಳಿಸಿಕೊಡುತ್ತೇನೆ ಎಂದು ಪ್ರತಿಯೊಂದರ ಹಿಂದೆಯೂ ಪೆನ್ಸಿಲಿನಲ್ಲಿ ನಮ್ಮ ನಮ್ಮ ಹೆಸರು ಬರೆದುಕೊಂಡ. ಶೂಟಿಂಗ್ ಮುಗಿದ ದಿನ ನಿಮ್ಮ ಸಲಹೆಗಾರ ತನ್ನ ಕನ್ನಡಕ, ಕಂದೀಲುಗಳ ಜೊತೆ ಗೋಡೆಯ ಮೇಲಿನ ಫೋಟೋಗಳನ್ನೂ ಅದೇ ಪೆಟ್ಟಿಗೆಗೆ ತುಂಬಿಸಿಕೊಂಡು ನಿಮ್ಮ ಗೋದಾಮಿಗೆ ವಾಪಸು ಒಯ್ದ. ಸೈರುಸಿಯೇ ಆ ಪೆಟ್ಟಿಗೆಯನ್ನು ವ್ಯಾನಿಗೆ ಎತ್ತಿಕೊಟ್ಟ.

ತಾತನಿಗೆ ಕೈಗವಸಿನ ವಿಷಯ ಹೇಳಲಿಲ್ಲ. "ಗುಂಪಲ್ಲಿ ಕೂರಿಸಿದ್ರು ತಾತ" ಎಂದಷ್ಟೇ ಹೇಳಿದೆ. ಹೋದ ನವೆಂಬರಿನಲ್ಲಿ ಧಾರಾವಾಹಿ ಬಂದಾಗ ನಮ್ಮೂರಿನ ಚರ್ಚಿನ ಮೆಟ್ಟಿಲ ಮುಂದೆ ಜನರೇಟರ್ ಹಾಕಿ, ಬಿಳಿ ಬಟ್ಟೆ ಕಟ್ಟಿ, ಇಡೀ ಊರು ನೋಡಿತು. ನಾನು ಅತ್ತೆಯ ಫೋನಿನೊಳಗಿಂದ ಊರನ್ನು ನೋಡುತ್ತಿದ್ದೆ. "ಎಂಥಾ ತೆಂಗಿನಮರಾನೋ ಇದು, ಗಾಳಿ ಬೀಸಿದ್ರೂ ಗರಿ ಅಲ್ಲಾಡ್ತಿಲ್ಲ. ಶಿಸ್ತಿನ ಮರ, ಸೈನ್ಯಕ್ಕೆ ಸೇರಿಸ್ಕೋಬಹುದು" ಎಂದು ತಾತ ಎಲ್ಲರನ್ನೂ ನಗಿಸಿದ. ನನ್ನ ದೃಶ್ಯದಲ್ಲಿ ಉಳಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅದೂ ತಲೆಯ ಹಿಂಭಾಗ. "ಅಗೋ, ಅದೇ ನಾನು" ಎಂದೆ. "ಅದು ನಿನ್ನ ತಲೆನಾ? ನಾನು ಹಿಂದೆ ಗುಡ್ಡ ಇದೆ ಅಂದ್ಕೊಂಡೆ" ಎಂದ. ಆಮೇಲೆ ಪರದೆಯ ಮೇಲೆ ಬೆಳಕು ಸಿಡಿಯಿತು. ತಾತ ಅತ್ತೆಯ ಮಣಿಕಟ್ಟು ಹಿಡಿದುಕೊಂಡ. ಕೊನೆಯವರೆಗೂ ಬಿಡಲಿಲ್ಲ. ಮುಗಿದ ಮೇಲೆ ಊರಿನ ಹುಡುಗರು ಒಬ್ಬೊಬ್ಬರಾಗಿ ಬಂದು ಅವನ ಕೈ ಮುಟ್ಟಿ ಹೋದರು. ಅಷ್ಟರ ಮಟ್ಟಿಗೆ ಆ ಧಾರಾವಾಹಿ ನಮಗೆ ಒಳ್ಳೆಯದನ್ನೇ ಮಾಡಿತ್ತು, ಅದನ್ನು ಮರೆಯಲಾರೆ.

ನಿಮಗೆ ಮಾತ್ರ ಅದು ನುಂಗಲಾಗದ ತುತ್ತಾಯಿತು. ಎರಡೇ ದಿನಕ್ಕೆ ನಿಮ್ಮ ಪ್ರಕಟಣೆ ಬಂತು: "ಇದೊಂದು ಕಾಲ್ಪನಿಕ ಧಾರಾವಾಹಿ. ಇದರಲ್ಲಿ ತೋರಿಸಿದ್ದನ್ನು ಇತಿಹಾಸವೆಂದು ಭಾವಿಸಬಾರದು." ಸರಿ, ಭಾವಿಸುವುದಿಲ್ಲ. ಆದರೆ ಮೂರು ತಿಂಗಳ ನಂತರ ಅದೇ ಧಾರಾವಾಹಿಯ ಗೋಡೆಯ ಫೋಟೋ ತಾತನ ಕಡತದಲ್ಲಿ ದಾಖಲೆ ಹೇಗಾಯಿತು? ಆ ಧಾರಾವಾಹಿ ನಿಮ್ಮ ಮೇಲೆ ಬೆರಳು ತೋರಿಸಿದಾಗ ಕಟ್ಟುಕಥೆ, ತಾತನ ಮೇಲೆ ಬೆರಳು ತೋರಿಸಿದಾಗ ಪ್ರಮಾಣ. ಒಂದೇ ಹಸು ನಿಮ್ಮ ಮನೆಯಲ್ಲಿ ಹಾಲು ಕೊಡುತ್ತದೆ, ನಮ್ಮ ಮನೆಗೆ ಬಂದರೆ ಒದೆಯುತ್ತದೆ. ಇಂಥ ಹಸುವನ್ನು ಸಾಕುವ ವಿದ್ಯೆ ನಿಮಗೆ ಯಾವ ಶಾಲೆಯಲ್ಲಿ ಕಲಿಸಿದರು?

ಸರ್ಕಾರದ ಕಾಗದ ಬಂದರೆ ನಮ್ಮೂರಿನಲ್ಲಿ ಊರಿನ ಮುಖಂಡ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾನೆ. ರಸ್ತೆಯ ಕಾಗದವಿರಲಿ, ಲಸಿಕೆಯ ಕಾಗದವಿರಲಿ, ಒಬ್ಬರಿಗೆ ಬಂದದ್ದು ಎಲ್ಲರಿಗೂ ಬಂದ ಹಾಗೆ. ನಿಮ್ಮ ಕಾಗದವನ್ನೂ ಓದಿದ. ತಾತ ಒಳ್ಳೆಯ ಸುದ್ದಿ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದೆ ಕೂತಿದ್ದ. "ನಂಬಲರ್ಹವೆಂದು ಪರಿಗಣಿಸಲಾಗದು" ಎಂಬಲ್ಲಿಗೆ ಬಂದಾಗ ಮುಖಂಡ ಓದುವುದನ್ನು ಬಿಟ್ಟು ಕಾಗದ ಮಡಚಹೋದ. ತಾತನೇ, "ಪೂರ್ತಿ ಓದಪ್ಪ, ನಿಲ್ಲಿಸ್ಬೇಡ" ಎಂದನಂತೆ. ಫೋಟೋ ಕೈಯಿಂದ ಕೈಗೆ ಇಡೀ ಸಭೆ ಸುತ್ತಿತು.

ಆ ಭಾನುವಾರ ಅತ್ತೆ ಫೋನ್ ಮಾಡಿದಳು. ನಮ್ಮೂರಿನಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ಮೆಟ್ಟಿಲ ಮೇಲೆ ಮಾತ್ರ. ಯಾವಾಗಲೂ ಪಕ್ಕದಲ್ಲೇ ಇರುತ್ತಿದ್ದ ತಾತ ಇರಲಿಲ್ಲ.

"ಅಪ್ಪ ಚರ್ಚಿಗೆ ಬರೋದಿಲ್ಲ ಅಂತ ಮನೇಲೇ ಕೂತಿದಾರೆ ಕಣೋ. ಪ್ರಸಂಗ ಮಾಡಲ್ವಂತೆ. ನಲ್ವತ್ತು ವರ್ಷ ಸುಳ್ಳು ಸಾಕ್ಷಿ ಹೇಳಿರೋ ಬಾಯಿ ಅದು, ಪೀಠ ಹತ್ಬಾರ್ದು ಅಂತಾರೆ."

"ಯಾವ ಸುಳ್ಳು ಅತ್ತೆ?"

"ಫೋಟೋ ಬಂದಿದ್ಯಲ್ಲ! ನಾವೂ ನೋಡಿದ್ವಿ, ಅವ್ರೇ. ವಯಸ್ಸಲ್ಲಿ ಎಷ್ಟು ಚೆನ್ನಾಗಿದ್ರು ಗೊತ್ತಾ? ನಿನ್ನ ಹಾಗೇ ಇದ್ರು. ತಡಿ, ಕಳಿಸ್ತೀನಿ."

ಫೋಟೋ ಬಂತು. ಮರಳಿನಿಂದ ನನ್ನ ಎಡಗಾಲಿನ ಶೂನ ಬಿಳಿ ಮೂತಿ ಇಣುಕುತ್ತಿತ್ತು. ಅತ್ತೆಗೆ ಹೇಳಿದೆ: ಫೋನ್ ಹಿಡಿದುಕೊಂಡು ಕಾಯುತ್ತೇನೆ, ತಾತನನ್ನು ಹೇಗಾದರೂ ಮೆಟ್ಟಿಲಿಗೆ ಕರೆದುಕೊಂಡು ಬಾ. ಪಕ್ಕದ ಮನೆಯವರು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು.

"ಹೆಸರುಗಳ್ಳ" ಎಂದ. ದನಿಯಲ್ಲಿ ಜೀವವಿರಲಿಲ್ಲ. "ನಾನೇ ಮರ್ತಿದೀನಿ ಕಣೋ. ಗೌರ್ನಮೆಂಟ್ ಫೋಟೋ ಸುಳ್ಳು ಹೇಳುತ್ತಾ? ಆ ರೆಕ್ಕೆ ಬಿಸಿ ಅಂಗೈಗೆ ತಾಕಿದ್ದು ಈಗ್ಲೂ ಗೊತ್ತಾಗುತ್ತೆ. ಗ್ಲೌಸ್ ಹಾಕಿದ್ರೆ ಹೆಂಗ್ ತಾಕ್ತು? ಅದೂ ನಾನೇ ಕಟ್ಕೊಂಡಿದ್ದೇನೋ. ಹಂಗಾದ್ರೆ ಲಿತಿಯ ಯಾಕೆ ಹೋದ್ಲು?"

ಮಾನ್ಯರೇ, ಈ ಒಂದು ವಾಕ್ಯವನ್ನು ನೀವು ಎರಡನೇ ಸಲ ಓದಬೇಕು. ನಿಮ್ಮ ಬಾಂಬಿಗೆ ಅವನ ಮೈಯನ್ನು ಮುಟ್ಟಲಾಯಿತು, ಮಗಳನ್ನೂ ಮುಟ್ಟಲಾಯಿತು, ನೆನಪನ್ನು ಮುಟ್ಟಲಾಗಿರಲಿಲ್ಲ. ಬಾಂಬು ಕೈಬಿಟ್ಟ ಕೆಲಸವನ್ನು ಚಹಾದ ನೀರಿನಲ್ಲಿ ಅದ್ದಿದ ಒಂದು ಫೋಟೋದಿಂದ ನೀವು ಪೂರೈಸಿದಿರಿ.

ನಾನು ಎಲ್ಲವನ್ನೂ ಹೇಳಿದೆ. ಪ್ಲಾಸ್ಟಿಕ್ ಮರ, ಸಲಹೆಗಾರ, ಶೂ, ನಾನು ಬಾಯಿ ಮುಚ್ಚಿಕೊಂಡು ಹಾಕಿಕೊಂಡದ್ದು. ಅತ್ತೆ ಅತ್ತಳು, ಆಮೇಲೆ ನನಗೆ ಬೈದಳು. ಬೈದದ್ದು ನ್ಯಾಯವೇ. ತಾತ ಕೇಳಿದ:

"ನಿಂಗೆ ಕೊಟ್ರಾ? ಗ್ಲೌಸು?"

"ಹೂಂ ತಾತ."

"ಬೆಚ್ಚಗಿತ್ತಾ?"

ನನ್ನ ಉತ್ತರಕ್ಕೆ ಅವನು ಕಾಯಲಿಲ್ಲ. "ಹೋಗ್ಲಿ ಬಿಡು, ಒಬ್ಬ ಕಿತಿಯೋನೆಗಾದ್ರೂ ಕೊಟ್ರಲ್ಲ" ಎಂದ. ಹಾಗಾದರೆ ಮುಂದಿನ ಭಾನುವಾರ ಪೀಠ ಹತ್ತುತ್ತೀಯಲ್ಲ ಎಂದೆ. ಇಲ್ಲ ಎಂದ. "ನೀನು ಹೇಳಿದ್ದು ನಂಗೆ ಸಾಕು, ಊರಿಗೆ ಸಾಲ್ದು. ಊರ ಮುಂದೆ ಓದಿದ ಕಾಗದ ಅದು. ಕಳಿಸ್ದೋರೇ ವಾಪಸ್ ತಗೋಬೇಕು. ಅದನ್ನೂ ಹಂಗೇ ನಿಂತು ಓದ್ಬೇಕು. ಅಲ್ಲೀತನಕ ನಾನು ಸುಳ್ಳುಗಾರನೇ."

ಹನ್ನೆರಡು ಭಾನುವಾರಗಳಾದವು. ಅವನು ಮನೆಯಲ್ಲಿ ಕೂತು ಚರ್ಚಿನ ಹಾಡನ್ನು ದೂರದಿಂದ ಕೇಳುತ್ತಾನೆ. ಊರಿನಲ್ಲಿ ಯಾರೂ ಅವನನ್ನು ಸುಳ್ಳುಗಾರ ಎನ್ನುವುದಿಲ್ಲ. ಮರಗೆಣಸು, ಮೀನು ತಂದು ಕೊಟ್ಟು ಹೋಗುತ್ತಾರೆ. ಅದೇ ಅವನಿಗೆ ಹೆಚ್ಚು ಚುಚ್ಚುವುದು. "ಕಾಯಿಲೆಯೋರಿಗೆ ತಂದ್ಕೊಟ್ಟಂಗೆ ತರ್ತಾರೆ" ಎನ್ನುತ್ತಾನಂತೆ.

ನಾನು ನಿಮಗೆ ಬರೆದೆ, ಜ್ಞಾಪಿಸಿಕೊಳ್ಳಿ. ಫೋಟೋದಲ್ಲಿರುವವನು ನಾನು, ನೋಡಿ ಶೂ, ಇಂಥ ಶೂ 1958ರಲ್ಲಿ ಭೂಮಿಯ ಮೇಲೆಯೇ ಇರಲಿಲ್ಲ ಎಂದು ಬರೆದು ಕೆಳಗೆ ಹೆಸರು ಹಾಕಿದೆ. ನಿಮ್ಮ ಉತ್ತರ ಚಿನ್ನದ ಚೌಕಟ್ಟಿಗೆ ಯೋಗ್ಯವಾದದ್ದು. "ಪಾದರಕ್ಷೆಯ ವಿಷಯವು ಪ್ರಸ್ತುತ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ಭಾವಚಿತ್ರದಲ್ಲಿರುವ ವ್ಯಕ್ತಿ ಕಿತಿಯೋನೆ ಲೆಸೂಮ ಎಂಬುದನ್ನು ತಾವೇ ದೃಢಪಡಿಸಿದ್ದಕ್ಕಾಗಿ ಧನ್ಯವಾದಗಳು." ಹುಟ್ಟಿದ ದಿನಾಂಕ ನೋಡುವ ಪುರುಸೊತ್ತೂ ನಿಮಗಿರಲಿಲ್ಲವೆ? ಅಥವಾ ನಮ್ಮವರೆಲ್ಲ ನಿಮ್ಮ ಕಣ್ಣಿಗೆ ಒಂದೇ ಹೆಸರಿನ, ಒಂದೇ ಮುಖದ, ಹಿಂದಿನ ಸಾಲಿನವರೆ? ಮತ್ತೆ ಎರಡು ಸಲ ಬರೆದೆ. "ತಮ್ಮ ಪತ್ರವು ಪರಿಶೀಲನೆಯಲ್ಲಿದೆ." ಪರಿಶೀಲನೆ! ಎಂಬತ್ತೆಂಟು ವರ್ಷದವನ ಜೊತೆ ನೀವು ಆಡುತ್ತಿರುವ ಆಟದ ಹೆಸರು ನನಗೆ ಗೊತ್ತು. ಅವನು ಸಾಯುವ ತನಕ ಪರಿಶೀಲಿಸುವುದು. ಆಮೇಲೆ "ಅರ್ಜಿದಾರರು ನಿಧನರಾದ ಕಾರಣ ಕಡತ ಮುಕ್ತಾಯ."

ಸೈರುಸಿ ಹೇಳುತ್ತಾನೆ, "ಮೆತ್ತಗೆ ಬರಿಯೋ, ವೀಸಾ ಇದೆ ನಿಂದು." ತಾತನೂ ಹೇಳಿದ, "ಅವ್ರನ್ನ ಕ್ಷಮಿಸ್ಬಿಡೋ, ನಾನು ದಿನಾ ಅವ್ರಿಗೋಸ್ಕರ ಪ್ರಾರ್ಥನೆ ಮಾಡ್ತೀನಿ." ಮಾಡಲಿ. ಅವನು ದೊ‌ಡ್ಡವನು. ನಾನು ನಿಮಗಾಗಿ ಪ್ರಾರ್ಥಿಸುವುದಿಲ್ಲ. ನನಗೆ ಸೇಡು ಬೇಕು. ಎಂಥ ಸೇಡು ಎಂದು ಪ್ರತಿದಿನ ಬೆಳಿಗ್ಗೆ ಬೇರೆಯವರ ಅಪ್ಪಂದಿರ ಬೆನ್ನು ಉಜ್ಜುತ್ತ ಯೋಚಿಸಿದ್ದೇನೆ. ನೀವು ನೂರು ವರ್ಷ ಬಾಳಿ. ನಿಮ್ಮ ಮಕ್ಕಳು ನಿಮ್ಮನ್ನು ನಮ್ಮ ಆಶ್ರಮಕ್ಕೇ ತಂದು ಬಿಡಲಿ. ನಿಮ್ಮ ಕೋಣೆ ನನ್ನ ಪಾಲಿಗೇ ಬರಲಿ. ಬೆಳಿಗ್ಗೆ ನೀವು ಹಸಿವು ಎನ್ನುತ್ತೀರಿ. ನಾನು ನಯವಾಗಿ ಒಂದು ಫೋಟೋ ತಂದು ತೋರಿಸುತ್ತೇನೆ, ಯಾವನೋ ನಿಮ್ಮ ಹೆಸರಿನವನು ತಟ್ಟೆಯ ಮುಂದೆ ಕೂತಿರುವುದು. "ತಿಂದಿದೀರಲ್ಲ ಸಾರ್, ದಾಖಲೆ ಇದೆ." ಚಳಿ ಎನ್ನುತ್ತೀರಿ. "ಕಂಬಳಿ ಹೊದ್ದಿದೀರಲ್ಲ ಸಾರ್, ಇಗೋ ನೋಡಿ." ಒಂದು ವಾರ. ಒಂದೇ ವಾರ ಸಾಕು. ಎಂಟನೆಯ ದಿನ ನಿಮಗೇ ಅನುಮಾನ ಶುರುವಾಗುತ್ತದೆ: ನಾನು ತಿಂದೆನೇನೋ, ಹೊದ್ದೆನೇನೋ, ನನಗೇ ಮರೆತಿರಬೇಕು. ಆ ದಿನ ನಿಮ್ಮ ಕಣ್ಣನ್ನು ನೋಡುವುದು ನನ್ನ ಆಸೆ. ಇದು ಪಾಪ ಎಂದು ತಾತ ಹೇಳುತ್ತಾನೆ. ಇರಲಿ. ನಾನು ಇಷ್ಟು ಮಾಡುವವನಲ್ಲ, ಸರಿಯಾದ ಹೊತ್ತಿಗೆ ಊಟ ಕೊಡುತ್ತೇನೆ. ಆದರೆ ಬಯಸುವುದನ್ನು ನಿಮ್ಮ ಯಾವ ಕಚೇರಿಯೂ ತಡೆಯಲಾಗದು.

ಈಗ ನನ್ನ ಬೇಡಿಕೆ. ಹಣದ ಮಾತೇ ಇಲ್ಲ, ಗಾಬರಿಯಾಗಬೇಡಿ. ಒಂದು ಕಾಗದ ಬರೆಯಿರಿ. ನಿಮ್ಮ ಕಾರಕೂನನ ಕೈಯಲ್ಲಿ ಬೇಡ, ನಿಮ್ಮ ಸಹಿಯಲ್ಲಿ. "ಫೋಟೋದಲ್ಲಿರುವವನು ಅರ್ಜಿದಾರನಲ್ಲ, ಅವನ ಮೊಮ್ಮಗ, ಟಿವಿ ಧಾರಾವಾಹಿಯಲ್ಲಿ ವೇಷ ಹಾಕಿದವನು. ಅರ್ಜಿದಾರನ ಮಾತನ್ನು ಸುಳ್ಳೆಂದದ್ದು ನಮ್ಮ ತಪ್ಪು" ಎಂದು ಅದರಲ್ಲಿರಬೇಕು. ಪರಿಶೀಲನೆ, ವ್ಯತಿರಿಕ್ತ, ವ್ಯಾಪ್ತಿ ಎಂಬ ಮಾತುಗಳು ಇರಬಾರದು. ಮುಖಂಡ ಅದನ್ನು ಊರ ಮುಂದೆ ನಿಂತು ಓದಬೇಕು, ಓದುವಾಗ ನಡುವೆ ಕಾಗದ ಮಡಚುವಂತಾಗಬಾರದು. ಕಂದವುವಿಗೆ ಹಡಗು ವಾರಕ್ಕೊಮ್ಮೆ ಹೋಗುತ್ತದೆ. ಜೂನ್ ಹನ್ನೊಂದಕ್ಕೆ ತಾತನ ಮೇಲ್ಮನವಿಯ ವಿಚಾರಣೆ, ಅದಕ್ಕೆ ಮುಂಚೆ ಇನ್ನು ಐದು ಹಡಗುಗಳಿವೆ. ಯಾವುದಾದರೂ ಒಂದರಲ್ಲಿ ಅದು ಇರಬೇಕು.

ಇರದಿದ್ದರೆ ಕೇಳಿ. ನಾನು ತಾತನ ಕಡೆಯ ಸಾಕ್ಷಿಯಲ್ಲ. ಅವನು ನನ್ನನ್ನು ಕರೆದಿಲ್ಲ. ನನ್ನನ್ನು ಆ ಕಡತಕ್ಕೆ ಕರೆತಂದವರು ನೀವು. ನಿಮ್ಮ ಇಡೀ ವಾದ ನಿಂತಿರುವುದು ನನ್ನ ಎರಡು ಕೈಗಳ ಮೇಲೆ. ನಿಮ್ಮ ಏಕೈಕ ಸಾಕ್ಷಿ ನಾನು. ಆದ್ದರಿಂದ ವಿಚಾರಣೆಯ ದಿನ ನಾನು ಬಂದು ನಿಮ್ಮ ಪಕ್ಕದ ಕುರ್ಚಿಯಲ್ಲಿ, ನಿಮ್ಮ ವಕೀಲರ ಸಾಲಿನಲ್ಲಿ ಕೂರುತ್ತೇನೆ. ಅತ್ತ ಕಡೆ ಪರದೆಯಲ್ಲಿ ತಾತ ಇರುತ್ತಾನೆ, ಚರ್ಚಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು. ನ್ಯಾಯಾಧೀಶರು "ಕಿತಿಯೋನೆ ಲೆಸೂಮ" ಎಂದು ಕೂಗಿದಾಗ ಇಬ್ಬರೂ ಎದ್ದು ನಿಲ್ಲುತ್ತೇವೆ. ಫೋಟೋದಲ್ಲಿರುವವನು ಯಾರು ಎಂದು ಆಗ ನೀವೇ, ನಿಮ್ಮ ಬಾಯಿಂದಲೇ, ಬೆರಳು ಮಾಡಿ ತೋರಿಸಬೇಕು. ಇಡೀ ನಮ್ಮೂರು ನೋಡುತ್ತಿರುತ್ತದೆ. ಜನರೇಟರಿಗೆ ಎಣ್ಣೆ ಈಗಾಗಲೇ ತಂದಿಟ್ಟಿದ್ದಾರೆ.

ಇಂತಿ,
ಹುಟ್ಟುವುದಕ್ಕೆ ನಲವತ್ತೊಂದು ವರ್ಷ ಮೊದಲೇ ನಿಮ್ಮ ಸೇವೆಯಲ್ಲಿದ್ದ,
ಬಾಯಿ ತೆರೆಯಬೇಕಾದ ದಿನ ಕೈಗವಸು ತೊಟ್ಟುಕೊಂಡ,
ಕಿತಿಯೋನೆ ಲೆಸೂಮ (ಚಿಕ್ಕವನು)